ಇಲ್ಲದ ಮಗಳಿಗೂ ಒಂದು ಆಪ್ಷನ್ ಪಟ್ಟಿ

ಬೆಳಗಿನ ಜಾವ ನಾಲ್ಕೂಮುಕ್ಕಾಲು. ಅಂಬಲಪಾಡಿಯ ಒಳರಸ್ತೆಯ ಒಂದು ಹಂಚಿನ ಮನೆ. ಚಾವಡಿಯ ದೀಪ ಉರಿಸಿಲ್ಲ. ಉರಿಸಿದರೆ ಮಳೆಗಾಲದ ಹುಳುಗಳು ಮುತ್ತಿಕೊಳ್ಳುತ್ತವೆ. ಲ್ಯಾಪ್‌ಟಾಪ್ ಪರದೆಯ ಬೆಳಕು ಮೂರು ಮುಖಗಳ ಮೇಲೆ ಬಿದ್ದಿದೆ. ಮಟ್ಟುವಿನಿಂದ ಬೈಕಿನಲ್ಲಿ ಬಂದ ಒಬ್ಬ ಅಪ್ಪ, ಅವರ ಮಗಳು, ಎದುರು ಕುಳಿತಿರುವ ಪಂಕಜಾ. ಹೊರಗಿನ ಜಗಲಿಯಲ್ಲಿ ಇನ್ನೆರಡು ಕುಟುಂಬಗಳು ಕೊಡೆ ಮಡಚಿಟ್ಟುಕೊಂಡು ಕತ್ತಲಲ್ಲೇ ಸರದಿ ಕಾಯುತ್ತಿವೆ. ಯಾರೂ ದನಿ ಎತ್ತುವುದಿಲ್ಲ. ಕೆಮ್ಮು ಬಂದರೂ ಸೆರಗು ಅಡ್ಡ ಹಿಡಿಯುತ್ತಾರೆ. ದಾರಿಯಲ್ಲಿ ಹೋಗುವವರಿಗೆ ಇದು ಕಾಲೇಜು ಸೇರುವ ಮಕ್ಕಳ ಸಾಲು ಎಂದು ಹೊಳೆಯುವುದೇ ಇಲ್ಲ. ಸಾವಿನ ಮನೆ ಎಂದುಕೊಂಡಾರು.

ಅಪ್ಪ ಆಗಲೇ ಎರಡು ಸಲ "ಇಂಜಿನಿಯರಿಂಗ್ ಹಾಕಿ" ಎಂದಿದ್ದಾರೆ. ಪಂಕಜಾ ಅವರನ್ನು ಗೇಟು ಹಾಕಿದೆಯೋ ಇಲ್ಲವೋ ನೋಡಿಬರಲು ಕಳಿಸುತ್ತಾರೆ. ಅವರು ಮೆಟ್ಟಿಲಿಳಿದ ಮೇಲೆ ಹುಡುಗಿಯ ಕಡೆ ತಿರುಗಿ, ನಿನಗೆ ಎಂತ ಓದಬೇಕು ಎಂದು ಒಂದೇ ಸಲ ಕೇಳುತ್ತಾರೆ. ಆಮೇಲೆ ಕಾಯುತ್ತಾರೆ. ಕೀಲಿಮಣೆಯ ಮೇಲೆ ಕೈ ಇಡುವುದಿಲ್ಲ, ಹುಡುಗಿಯ ಮುಖವನ್ನೂ ನೋಡುವುದಿಲ್ಲ. ಪಕ್ಕದಲ್ಲಿ ಕುಳಿತು ಬರೆದುಕೊಳ್ಳುತ್ತಿರುವ ನನ್ನ ಕೈಗಡಿಯಾರದಲ್ಲಿ ಎರಡು ನಿಮಿಷ ಕಳೆಯುತ್ತದೆ. ಮಳೆ ನಿಂತ ಮೇಲೆ ಹಂಚಿನಿಂದ ತೊಟ್ಟಿಕ್ಕುವ ನೀರಿನ ಸದ್ದು ಬಿಟ್ಟರೆ ಬೇರೇನೂ ಇಲ್ಲ. ಕೊನೆಗೆ ಹುಡುಗಿ, ಯಾರೋ ಕೇಳಿಸಿಕೊಂಡಾರು ಎಂಬ ಹಾಗೆ, "ಬಿಎಸ್ಸಿ ಕೃಷಿ" ಎನ್ನುತ್ತಾಳೆ. ಅವಳ ಅಪ್ಪ ಗುಳ್ಳ ಬದನೆ ಬೆಳೆಯುವವರು.

"ಐದೂವರೆಯವರೆಗೆ ಸೈಟ್ ಹಗುರ ಇರ್ತದೆ," ಎಂದು ಪಂಕಜಾ ನನಗೆ ಹೇಳುತ್ತಾರೆ. "ಆರು ಗಂಟೆಗೆ ಇಡೀ ಕರ್ನಾಟಕದ ಮಕ್ಕಳು ಎದ್ದು ಕೂತ್ಕೊಳ್ತಾರೆ. ಮತ್ತೆ ಅದು ತಿರುಗ್ತಾ ಇರ್ತದೆ, ನಾವು ನೋಡ್ತಾ ಇರ್ಬೇಕು."

ಸಿಇಟಿ ಬರೆದ ಮಕ್ಕಳು ತಮಗೆ ಬೇಕಾದ ಕಾಲೇಜು, ಕೋರ್ಸುಗಳನ್ನು ಇಷ್ಟದ ಕ್ರಮದಲ್ಲಿ ಜಾಲತಾಣದಲ್ಲಿ ದಾಖಲಿಸಬೇಕು. ಇದಕ್ಕೆ ಆಪ್ಷನ್ ಎಂಟ್ರಿ ಎಂದು ಹೆಸರು. ಯಾವುದು ಒಂದನೆಯದು, ಯಾವುದು ಹತ್ತನೆಯದು ಎಂಬುದರ ಮೇಲೆ ಸೀಟು ನಿಂತಿರುತ್ತದೆ. ಒಂದು ಸಾಲು ಮೇಲೆ ಕೆಳಗೆ ಆದರೆ ನಾಲ್ಕು ವರ್ಷ ಬೇರೆಯದೇ ಆಗಿಬಿಡುತ್ತದೆ. ಅರವತ್ತೊಂದು ವರ್ಷದ ಪಂಕಜಾ ಮಾಡುವುದು ಈ ಕ್ರಮ ಕೂರಿಸುವ ಕೆಲಸ. ವರ್ಷಕ್ಕೆ ನಲವತ್ತು ದಿನ, ದಿನಕ್ಕೆ ಐದೋ ಆರೋ ಕುಟುಂಬ. ಕಳೆದ ವರ್ಷ ಇನ್ನೂರ ಹನ್ನೆರಡು ಮಕ್ಕಳು. ಬೆಳಗಿನ ಜಾವ ಮನೆಯಲ್ಲಿ, ಎಂಟರ ನಂತರ ಬಸ್ಸಿನಲ್ಲಿ ಕಾಪು, ಕಾರ್ಕಳ, ಕಲ್ಯಾಣಪುರ. ಫಲಕವಿಲ್ಲ, ಕಾರ್ಡಿಲ್ಲ. ಫೀಸು ಎಷ್ಟೆಂದು ಕೇಳಿದರೆ ನಗುತ್ತಾರೆ. ಕಡಲ ಕರೆಯವರು, ಅಂದರೆ ತೀರದ ಮೀನುಗಾರರು, ಪ್ರೀತಿಯಿಂದ ಅಂಜಲ್ ಮೀನು ತಂದುಕೊಡುತ್ತಾರೆ. ದೇವಸ್ಥಾನದ ಅಡುಗೆಯವರ ಮನೆಯಲ್ಲಿ ಹುಟ್ಟಿದ ಪಂಕಜಾ ಅದನ್ನು ಬೇಡವೆನ್ನಲಾರದೆ, ಚೀಲವನ್ನು ಎರಡು ಬೆರಳಲ್ಲಿ ಹಿಡಿದು ಪಕ್ಕದ ಮನೆಗೆ ದಾಟಿಸುತ್ತಾರೆ.

ಅವರು ಓದಿದ್ದು ಪಿಯುಸಿ ಮತ್ತು ಟೈಪಿಂಗ್. ಮುಂದೆ ಓದುವ ಆಸೆ ಇತ್ತೇ ಎಂದರೆ, ಆಗ ಯಾರೂ ಕೇಳಲಿಲ್ಲ, ನಾನೂ ಹೇಳಲಿಲ್ಲ ಎನ್ನುತ್ತಾರೆ. ಮಣಿಪಾಲದ ಒಂದು ಕಾಲೇಜಿನ ಅರ್ಜಿ ಕೌಂಟರಿನಲ್ಲಿ ಇಪ್ಪತ್ತೊಂಬತ್ತು ವರ್ಷ ಕುಳಿತರು. ಕಂಪ್ಯೂಟರ್ ಬಂದಾಗ ನಲವತ್ತು ದಾಟಿತ್ತು; ಜೊತೆಯವರು ಬೇರೆ ವಿಭಾಗ ಕೇಳಿಕೊಂಡು ಹೋದರು, ಇವರು ಹುಡುಗರ ಪಕ್ಕ ಕೂತು ಕಲಿತರು. ಒಂದು ಜುಲೈ ತಿಂಗಳಲ್ಲಿ, ಕೊನೆಯ ದಿನಾಂಕ ಮುಗಿದ ಮರುದಿನ, ಮಲ್ಪೆ ಕಡೆಯ ಒಬ್ಬರು ಮಗಳನ್ನು ಕರೆದುಕೊಂಡು ಬಂದರಂತೆ. ಕಿಟಕಿ ಮುಚ್ಚಬೇಕಾಯಿತು. ಹುಡುಗಿ ಅಳಲಿಲ್ಲ, ಜಗಳ ಮಾಡಲಿಲ್ಲ. ಸಂಜೆ ಐದರವರೆಗೆ ಕೌಂಟರಿನ ಎದುರಿನ ಬೆಂಚಿನಲ್ಲಿ ಸುಮ್ಮನೆ ಕೂತಿದ್ದಳು. ನಿವೃತ್ತಿಯಾದ ವಾರದಲ್ಲೇ ಪಂಕಜಾ ಮನೆ ಮನೆಗೆ ಹೋಗಲು ಶುರುಮಾಡಿದರು.

ಇಷ್ಟು ಬರೆದು ನಾನು ವಾಪಸಾಗಬಹುದಿತ್ತು. ಆದರೆ ನನ್ನನ್ನು ಇವರ ಮನೆಗೆ ಬರುವಂತೆ ಮಾಡಿದ್ದು ಕಾಪುವಿನಲ್ಲಿ ಕಿವಿಗೆ ಬಿದ್ದ ಬೇರೊಂದು ಮಾತು. ಅದನ್ನು ಎತ್ತಿದಾಗ ಪಂಕಜಾ ಒಳಗೆ ಹೋಗಿ ಎರಡು ಲೋಟ ಕಾಫಿ ತಂದರು. "ಬರೆಯುವುದಾದ್ರೆ ಆ ಮನೆಯವರನ್ನು ಕೇಳಿ ಬರೆಯಿರಿ. ಅವರು ಬೇಡ ಅಂದ್ರೆ ಬೇಡ," ಎಂದರು. ಮನೆಯವರು ಬೇಡ ಎನ್ನಲಿಲ್ಲ. ಮುಂದಿನದು ಅವರೆಲ್ಲರೂ ಹೇಳಿದ್ದು.

ಕಳೆದ ವರ್ಷದ ಆಟಿ ತಿಂಗಳು. ತುಳುವರಿಗೆ ಇದು ಮದುವೆ ಮುಂಜಿ ನಡೆಯದ ತಿಂಗಳು. ತೀರಿಕೊಂಡವರು ಮನೆಗೆ ಬಂದುಹೋಗುತ್ತಾರೆಂದು ಎಲೆ ಹಾಕಿ ಬಡಿಸುವ ತಿಂಗಳು. ಆಪ್ಷನ್ ಎಂಟ್ರಿಯೂ ಇದೇ ದಿನಗಳಲ್ಲಿ ಬರುತ್ತದೆ. ಕಾಪುವಿನ ಕಡಲ ಬದಿಯ ಮನೆಯೊಂದರಿಂದ ಜಿತೇಂದ್ರ ಎಂಬವರು ಕರೆ ಮಾಡಿದರು. ಅವರು ಬೋಟಿನಲ್ಲಿ ದುಡಿಯುವವರು. ಮೀನುಗಾರಿಕೆಗೆ ರಜೆಯಿದ್ದುದರಿಂದ ಮನೆಯಲ್ಲಿದ್ದರು. ಮಗಳು ಧೃತಿಗೆ ಒಳ್ಳೆಯ ರ‍್ಯಾಂಕ್ ಬಂದಿತ್ತು. ಅವಳಿಗೆ ಬೇಕಾಗಿದ್ದು ಸಿವಿಲ್ ಇಂಜಿನಿಯರಿಂಗ್. ಪ್ರತಿ ಮಳೆಗಾಲ ಕಡಲು ಅವರ ತೋಟದ ಒಂದೆರಡು ತೆಂಗಿನ ಮರಗಳನ್ನು ಕೊಂಡೊಯ್ಯುತ್ತಿತ್ತು, ಪ್ರತಿ ವರ್ಷ ಯಾರೋ ಬಂದು ಕಲ್ಲು ಸುರಿದು ಹೋಗುತ್ತಿದ್ದರು. ಕಲ್ಲು ಹೇಗೆ ಹಾಕಿದರೆ ನಿಲ್ಲುತ್ತದೆ ಎಂದು ತನಗೆ ತಿಳಿಯಬೇಕು ಎಂದು ಧೃತಿ ಮೊದಲ ಪ್ರಶ್ನೆಗೇ ಉತ್ತರ ಕೊಟ್ಟಳು. ಇಷ್ಟು ಸ್ಪಷ್ಟವಾಗಿ ಹೇಳುವ ಮಕ್ಕಳು ಕಡಿಮೆ ಎಂದು ಪಂಕಜಾರಿಗೆ ಖುಷಿಯಾಯಿತು. ಕಾರ್ಕಳದ ಕಡೆಯ ಕಾಲೇಜೊಂದರ ಸಿವಿಲ್ ಮೊದಲು, ಆಮೇಲೆ ಉಳಿದದ್ದು. ಒಟ್ಟು ಮೂವತ್ತೆಂಟು ಆಯ್ಕೆ ತುಂಬಿ, ಉಳಿಸಿ, ಸಂಜೆಯ ಬಸ್ಸು ಹಿಡಿದರು.

ಮರುದಿನ ಧೃತಿಯ ಫೋನು. ಪಟ್ಟಿಯ ಮೊದಲ ಸಾಲಿನಲ್ಲಿ ಮೀನುಗಾರಿಕೆ ವಿಜ್ಞಾನ ಕುಳಿತಿತ್ತು. ಸಿವಿಲ್ ಎರಡನೆಯ ಸಾಲಿಗೆ ಇಳಿದಿತ್ತು. ತಮ್ಮದೇ ಕೈತಪ್ಪು ಎಂದುಕೊಂಡ ಪಂಕಜಾ ಅದನ್ನು ಅಳಿಸಿದರು. ಅದರ ಮರುದಿನ ಮತ್ತೆ ಅದೇ ಆಯ್ಕೆ, ಅದೇ ಜಾಗದಲ್ಲಿ. ಈ ಸಲ ಪಂಕಜಾ ಅದನ್ನು ಅಳಿಸಿ, ಪಾಸ್‌ವರ್ಡ್ ಬದಲಿಸಿ ಯಾರಿಗೂ ಹೇಳದೆ ತಮ್ಮಲ್ಲೇ ಇಟ್ಟುಕೊಂಡರು. ಪಟ್ಟಿ ಬದಲಿಸಬೇಕಾದರೆ ಪಾಸ್‌ವರ್ಡ್ ಜೊತೆಗೆ ಜಿತೇಂದ್ರರ ಫೋನಿಗೆ ಬರುವ ಒಟಿಪಿಯೂ ಬೇಕು. ಆ ಫೋನನ್ನು ಜಿತೇಂದ್ರ ಕಪಾಟಿನಲ್ಲಿಟ್ಟು ಬೀಗ ಹಾಕಿ ಕೀಲಿಯನ್ನು ತಾಯಿ ಸುಂದರಿಯವರಿಗೆ ಕೊಟ್ಟರು. ಎಪ್ಪತ್ತನಾಲ್ಕು ವರ್ಷದ ಸುಂದರಿಗೆ ಓದಲು ಬರುವುದಿಲ್ಲ. ಅವರು ಕೀಲಿಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಮಲಗಿದರು.

ಬೆಳಿಗ್ಗೆ ಪಟ್ಟಿಯ ಮೊದಲ ಸಾಲಿನಲ್ಲಿ ಮೀನುಗಾರಿಕೆ ವಿಜ್ಞಾನವಿತ್ತು. ಬದಲಾವಣೆಯ ಸಮಯ ಐದು ಗಂಟೆ ಹನ್ನೆರಡು ನಿಮಿಷ ಎಂದು ತೋರಿಸುತ್ತಿತ್ತು. ಕಪಾಟಿನ ಬೀಗ ತೆಗೆದು ನೋಡಿದರೆ ಫೋನಿನಲ್ಲಿ ಒಟಿಪಿ ಬಂದಿತ್ತು. ಸಂದೇಶವನ್ನು ಯಾರೋ ತೆರೆದು ಓದಿಯೂ ಆಗಿತ್ತು.

"ಐದು ಗಂಟೆಗೆ ನಾನು ಎಚ್ಚರ ಇರ್ತೇನೆ. ನಾಲ್ಕು ಮಕ್ಕಳ ಪಟ್ಟಿ ನನ್ನ ಎದುರು ಇರ್ತದೆ," ಎನ್ನುತ್ತಾರೆ ಪಂಕಜಾ. "ಪಾಸ್‌ವರ್ಡ್ ಗೊತ್ತಿದ್ದದ್ದು ನನಗೆ ಮಾತ್ರ. ನಾನೇ ಮಾಡಿದೆನಾ ಅಂತ ನನಗೇ ಹೆದರಿಕೆ ಆಯ್ತು. ಆದ್ರೆ ಫೋನು ಕಾಪುವಿನಲ್ಲಿ ಬೀಗದ ಒಳಗೆ ಉಂಟು. ನಾನು ಅದನ್ನು ಹೇಗೆ ಓದುವುದು?"

ಕೊನೆಯ ದಿನಾಂಕಕ್ಕೆ ಇನ್ನು ಎರಡು ದಿನ. ಮೀನುಗಾರಿಕೆ ವಿಜ್ಞಾನ ಮೊದಲಿದ್ದರೆ ಧೃತಿಯ ರ‍್ಯಾಂಕಿಗೆ ಆ ಸೀಟೇ ಸಿಗುವುದು ಖಂಡಿತ. ಧೃತಿಗೋ ಮೀನಿನ ವಾಸನೆಗೇ ತಲೆ ಸುತ್ತುತ್ತದೆ. ಪಂಕಜಾ ಬಸ್ಸು ಹತ್ತಿ ಕಾಪುವಿಗೆ ಹೋಗಿ, ಹುಡುಗಿಯನ್ನು ಎದುರು ಕೂರಿಸಿಕೊಂಡು ನೇರ ಕೇಳಿದರು. ಇದು ನಿನ್ನ ಕೆಲಸವಾ?

"ನಾನು ಮಾಡಲಿಲ್ಲ ಅಕ್ಕ," ಎಂದಳು ಧೃತಿ. "ಆದ್ರೆ ಪ್ರತಿ ದಿನ ಸೈಟ್ ತೆರೆಯುವ ಮೊದಲೇ ಎಂತ ಇರ್ತದೆ ಅಂತ ನನಗೆ ಗೊತ್ತಿತ್ತು."

ಅಷ್ಟು ಹೊತ್ತು ಬಾಗಿಲ ಬಳಿ ಕೂತಿದ್ದ ಸುಂದರಿ ಆಗ ಬಾಯಿ ತೆರೆದರು. "ಅದು ಕೃತಿಯ ಪಟ್ಟಿ."

ಧೃತಿ, ಕೃತಿ ಅವಳಿಗಳು. ಐದೂವರೆ ವರ್ಷವಿದ್ದಾಗ, ಮಳೆಗಾಲದಲ್ಲಿ, ಮೂರು ದಿನದ ಜ್ವರದಲ್ಲಿ ಕೃತಿ ಹೋದಳು. ಆ ಮನೆಯ ಗೋಡೆಯ ಮೇಲೆ ಅವಳ ಫೋಟೋ ಇಲ್ಲ, ಹಾರವಿಲ್ಲ. ಸಣ್ಣ ಪ್ರಾಯದಲ್ಲಿ ತೀರಿಕೊಂಡ ಮಕ್ಕಳು ಅಲ್ಲಿಯೂ ಬೆಳೆಯುತ್ತಾರೆ ಎಂಬುದು ಈ ಕಡೆಯ ನಂಬಿಕೆ. ಪ್ರಾಯಕ್ಕೆ ಬಂದ ಮೇಲೆ ಅವರಿಗೆ ಗಂಡು, ಹೆಣ್ಣು ಹುಡುಕಿ ಮದುವೆ ಮಾಡಿಸುವುದೂ ಉಂಟು. ಹಾಗಾಗಿ ಹದಿಮೂರು ವರ್ಷದಿಂದ ಸುಂದರಿ ಆಟಿಯಲ್ಲಿ ಎರಡು ಜೊತೆ ಬಟ್ಟೆ ತರಿಸುತ್ತಿದ್ದರು. ಅಳತೆ ಇಬ್ಬರಿಗೂ ಒಂದೇ. ಧೃತಿ ಉದ್ದವಾದ ಹಾಗೆ ಕೃತಿಯ ಚೂಡಿದಾರವೂ ಉದ್ದವಾಗುತ್ತ ಬಂದಿತ್ತು.

"ಮದುವೆಗೆ ಇನ್ನೂ ವರ್ಷ ಉಂಟು ಅಂತ ನಾವು ಸುಮ್ಮನಿದ್ದೆವು," ಎಂದು ಸುಂದರಿ ನನಗೆ ಹೇಳಿದರು. "ಅದಕ್ಕೂ ಕಾಲೇಜಿಗೆ ಹೋಗುವ ಆಸೆ ಇರ್ತದೆ ಅಂತ ನಮ್ಮ ತಲೆಗೆ ಹೋಗಲಿಲ್ಲ."

ಕೃತಿ ಇದ್ದಾಗ ಅಜ್ಜಿಯ ಮೀನು ಬುಟ್ಟಿಯ ಪಕ್ಕ ಬಿಟ್ಟು ಏಳುತ್ತಿರಲಿಲ್ಲವಂತೆ. ಬೂತಾಯಿ, ಬಂಗುಡೆ, ನಂಗ್ ಎಲ್ಲವನ್ನೂ ಬೇರೆ ಬೇರೆ ಮಾಡಿ ಸಾಲಾಗಿ ಮಲಗಿಸುತ್ತಿದ್ದಳು. ಪ್ರತಿಯೊಂದರ ಕಿವಿರು ಎತ್ತಿ ಒಳಗೆ ನೋಡುತ್ತಿದ್ದಳು.

ಪಂಕಜಾ ಎದ್ದು ಬರಬಹುದಿತ್ತು. ಬಾಗಿಲವರೆಗೆ ಬಂದೂ ಇದ್ದರು. "ಹೆದರಿಕೆ ಆಯ್ತು, ಸುಳ್ಳು ಹೇಳುವುದು ಎಂತಕ್ಕೆ," ಎನ್ನುತ್ತಾರೆ. "ಅಂಗಳದಲ್ಲಿ ಚಪ್ಪಲಿ ಹಾಕುವಾಗ ಒಂದು ಯೋಚನೆ ಬಂತು. ಪಟ್ಟಿ ಬೇಕು ಅಂತ ಒಂದು ಮಗು ಬಂದಿದೆ. ಉಂಟೋ ಇಲ್ಲವೋ ಅಂತ ನಾನು ಯಾಕೆ ತೀರ್ಮಾನ ಮಾಡುವುದು? ಕಿಟಕಿ ಮುಚ್ಚುವ ಕೆಲಸ ಒಂದು ಸಲ ಮಾಡಿ ಆಗಿದೆ ನನಗೆ." ಮರುದಿನ ಮಧ್ಯಾಹ್ನ ಬರುತ್ತೇನೆ, ಎಲ್ಲರೂ ಮನೆಯಲ್ಲಿರಿ ಎಂದು ಹೇಳಿ ಹೊರಟರು.

ಮರುದಿನ ಸುಂದರಿ ಎಲೆ ಹಾಕಿ ಬಡಿಸಿಯಾಗಿತ್ತು. ಚಾವಡಿಯಲ್ಲಿ ಧೃತಿಯ ಪಕ್ಕ ಇನ್ನೊಂದು ಕುರ್ಚಿ ಇಟ್ಟು, ಅದರ ಮೇಲೆ ಮಡಿಕೆ ಬಿಚ್ಚದ ಹೊಸ ಚೂಡಿದಾರ ಇಟ್ಟಿದ್ದರು. ಕಿಟಕಿಯಾಚೆ ಕಡಲು ಬೂದಿ ಬಣ್ಣಕ್ಕೆ ತಿರುಗಿತ್ತು. ಪಂಕಜಾ ಹೊಸ ಫೈಲು ತೆರೆದು, ಎಲ್ಲ ಮಕ್ಕಳಿಗೂ ಬರೆಯುವ ಹಾಗೆ ಮೇಲೆ ಹೆಸರು, ಜನ್ಮದಿನಾಂಕ ಬರೆದರು. ಆಮೇಲೆ ಕುರ್ಚಿಯ ಕಡೆ ತಿರುಗಿ ಪ್ರಶ್ನೆ ಕೇಳಿದರು. ಒಂದೊಂದು ಪ್ರಶ್ನೆಯ ನಂತರವೂ ಕಾದರು. ಎಷ್ಟು ಹೊತ್ತು ಎಂದು ಯಾರಿಗೂ ನೆನಪಿಲ್ಲ. ಮೊದಮೊದಲು ಧೃತಿಯೇ ತಂಗಿಯ ಪರವಾಗಿ ಹೇಳಿದಳು. ಮೀನುಗಾರಿಕೆ ವಿಜ್ಞಾನ ಮೊದಲು. ಅದು ಸಿಗದಿದ್ದರೆ ಪಶುವೈದ್ಯಕೀಯ. ಪಟ್ಟಿಗೆ ಬೇಕಾದ ಅದರ ಕೋಡ್ ಪಂಕಜಾರಿಗೆ ತಕ್ಷಣ ನೆನಪಾಗಲಿಲ್ಲ. ಕೋಡ್‌ಗಳ ಪುಸ್ತಕ ತೆಗೆಯಲು ಚೀಲಕ್ಕೆ ಕೈ ಹಾಕಿದಾಗ ಧೃತಿ ನೆಲ ನೋಡುತ್ತಲೇ ಅಕ್ಷರ, ಅಂಕಿ ಎರಡನ್ನೂ ಹೇಳಿದಳು. ಆ ಕೋರ್ಸು ಅವಳ ಮೂವತ್ತೆಂಟರಲ್ಲಿ ಇರಲೇ ಇಲ್ಲ. ಪಂಕಜಾ ಪುಸ್ತಕದಲ್ಲಿ ನೋಡಿದರು. ಸರಿಯಾಗಿತ್ತು.

ಕೊನೆಯ ಪ್ರಶ್ನೆ ಪಂಕಜಾ ಎಲ್ಲ ಮಕ್ಕಳನ್ನೂ ಕೇಳುವಂಥದ್ದೇ. ಮನೆಯಿಂದ ಹೋಗಿ ಬರುವುದಾ, ಹಾಸ್ಟೆಲ್ ಬೇಕಾ?

"ಹಾಸ್ಟೆಲ್" ಎಂಬ ಉತ್ತರ ಬಂತು. ಪಂಕಜಾ ಬರೆದುಕೊಂಡರು.

ಇದನ್ನು ಹೇಳಿದ್ದು ಯಾರು ಎಂದು ನಾನು ಆ ಮನೆಯಲ್ಲಿ ಒಬ್ಬೊಬ್ಬರನ್ನೂ ಬೇರೆ ಬೇರೆಯಾಗಿ ಕೇಳಿದ್ದೇನೆ. ಧೃತಿ ತಾನು ಬಾಯಿ ತೆರೆಯಲಿಲ್ಲ ಎನ್ನುತ್ತಾಳೆ, ಅಜ್ಜಿ ಹೇಳಿದ್ದೆಂದುಕೊಂಡಿದ್ದಳು. ಸುಂದರಿಗೆ ಹಾಸ್ಟೆಲ್ ಎಂಬ ಪದವೇ ಸರಿಯಾಗಿ ಬರುವುದಿಲ್ಲ. ಜಿತೇಂದ್ರ ತನಗೆ ಏನೂ ಕೇಳಿಸಲಿಲ್ಲ, ಪಂಕಜಕ್ಕ ತಾವೇ ಬರೆದುಕೊಂಡರೆಂದು ನಂಬಿದ್ದಾರೆ. ಕೇಳಿಸಿತು ಎನ್ನುವವರು ಪಂಕಜಾ ಮತ್ತು ಮಕ್ಕಳ ತಾಯಿ ವಾರಿಜಾ. ಕಾಪು ಮಾರುಕಟ್ಟೆಯಲ್ಲಿ ಮೀನು ಮಾರುವ ವಾರಿಜಾ ಅಲ್ಲಿಯವರೆಗೆ ಗೋಡೆಗೊರಗಿ ಕೂತಿದ್ದರು. ಆ ಮಾತು ಬಿದ್ದೊಡನೆ ಎದ್ದು ಕುರ್ಚಿಯ ಎರಡೂ ತೋಳು ಹಿಡಿದುಕೊಂಡರು. ಬೇಡ, ಮನೆಯಿಂದಲೇ ಹೋಗಿ ಬರಲಿ, ಹಾಗೆ ಬರೆಯಿರಿ ಎಂದು ಮತ್ತೆ ಮತ್ತೆ ಹೇಳಿದರು.

ಪಂಕಜಾ ಪೆನ್ನು ಕೆಳಗಿಟ್ಟರು. ಇಪ್ಪತ್ತೊಂಬತ್ತು ವರ್ಷ ಕೌಂಟರಿನಲ್ಲಿ, ಆಮೇಲೆ ಇನ್ನೂರು ಮುನ್ನೂರು ಚಾವಡಿಗಳಲ್ಲಿ ತಾಯಂದಿರು ಹೀಗೆ ಅಡ್ಡ ಬರುವುದನ್ನು ಕಂಡವರು. ಅವರಿಗೆಲ್ಲ ಹೇಳುವುದನ್ನೇ ಇವರಿಗೂ ಹೇಳಿದರು.

"ಮಗು ಹೇಳಿ ಆಯ್ತಲ್ಲ ವಾರಿಜಾ. ಹೋಗಲಿಕ್ಕೆ ಬಿಡಿ."

ವಾರಿಜಾ ಕುರ್ಚಿ ಬಿಡಲು ಬಹಳ ಹೊತ್ತು ಹಿಡಿಯಿತು. ಕೈ ತೆಗೆದ ಮೇಲೆ ಚೂಡಿದಾರದ ಮಡಿಕೆಯನ್ನು ಒಮ್ಮೆ ಸರಿಮಾಡಿ, ಬರೆಯಿರಿ ಎಂದರು. ಒಟ್ಟು ಆರು ಆಯ್ಕೆ. ಹೆತ್ತವರ ಸಹಿಯ ಜಾಗದಲ್ಲಿ ಜಿತೇಂದ್ರ ಸಹಿ ಹಾಕಿದರು. ಒಂದು ಪ್ರತಿಯನ್ನು ಸುಂದರಿ ಎಲೆಯ ಪಕ್ಕ ಇಟ್ಟರು, ಇನ್ನೊಂದನ್ನು ಪಂಕಜಾ ಫೈಲಿಗೆ ಸೇರಿಸಿದರು. ಅಲ್ಲೇ ಕೂತು ಧೃತಿಯ ಪಟ್ಟಿಯಲ್ಲಿ ಸಿವಿಲನ್ನು ಮತ್ತೆ ಮೇಲೆ ತಂದು ಉಳಿಸಿದರು.

ಕೊನೆಯ ದಿನದ ಬೆಳಗಿನ ಜಾವ ಕಾಪುವಿನ ಮನೆಯಲ್ಲಿ ನಾಲ್ವರೂ ಫೋನನ್ನು ಚಾಪೆಯ ಮಧ್ಯೆ ಇಟ್ಟುಕೊಂಡು ಕೂತಿದ್ದರು. ಅಂಬಲಪಾಡಿಯಲ್ಲಿ ಪಂಕಜಾ ಪರದೆಯ ಎದುರು ಕೂತಿದ್ದರು. ಐದು ಹನ್ನೆರಡಾಯಿತು. ಐದು ಹದಿಮೂರಾಯಿತು. ಕಾಪುವಿನ ಮನೆಯ ಕಿಟಕಿಯಲ್ಲಿ ಕಡಲ ದೀಪಸ್ತಂಭದ ಬೆಳಕು ಬಂದು ಹೋಗುತ್ತಲೇ ಇತ್ತು. ಐದೂಮುಕ್ಕಾಲಾದರೂ ಫೋನು ಸದ್ದು ಮಾಡಲಿಲ್ಲ. ಪಟ್ಟಿ ಇದ್ದ ಹಾಗೇ ಇತ್ತು. ಎಲ್ಲರಿಗೂ ಸಮಾಧಾನವಾಗಬೇಕಿತ್ತು. ಆದರೆ ಸುಂದರಿ ಆಗ ಅಳತೊಡಗಿದವರು ಮಧ್ಯಾಹ್ನದವರೆಗೂ ನಿಲ್ಲಿಸಲಿಲ್ಲವಂತೆ. ಹದಿಮೂರು ವರ್ಷದ ಹಿಂದೆಯೂ ಅವರು ಅಷ್ಟು ಅತ್ತದ್ದು ಕಂಡಿಲ್ಲ ಎಂದು ಜಿತೇಂದ್ರ ಹೇಳಿದರು.

ಧೃತಿಗೆ ಮೊದಲ ಸುತ್ತಿನಲ್ಲೇ ಬೇಕಾದ ಸೀಟು ಸಿಕ್ಕಿತು. ಈಗ ಅವಳು ಬೆಳ್ಮಣ್ ಮಾರ್ಗದ ಬಸ್ಸಿನಲ್ಲಿ ದಿನಾ ಕಾಲೇಜಿಗೆ ಹೋಗಿ ಬರುತ್ತಾಳೆ, ಎರಡನೆಯ ವರ್ಷ. ತಂಗಿಯ ಬಗ್ಗೆ ಕೇಳಿದಾಗ ಮಾತಿಗೆ ತಡಕಾಡಲಿಲ್ಲ. "ಮೊದಲು ಕೋಣೆಯಲ್ಲಿ ಒಬ್ಬಳೇ ಇದ್ದೇನೆ ಅಂತ ನನಗೆ ಯಾವತ್ತೂ ಅನಿಸ್ತಿರಲಿಲ್ಲ. ಈಗ ಅನಿಸ್ತದೆ. ಅಭ್ಯಾಸ ಆಗಬೇಕಷ್ಟೆ," ಎಂದಳು. ಈ ಆಟಿಯಲ್ಲಿ ವಾರಿಜಾ ಒಂದೇ ಜೊತೆ ಬಟ್ಟೆ ತಂದರು. ಹಾಸ್ಟೆಲಿನಲ್ಲಿ ಇರುವವಳಿಗೆ ಇಲ್ಲಿ ಬಟ್ಟೆ ಎಂತಕ್ಕೆ ಎಂದು ಅವರೇ ಅತ್ತೆಗೆ ತಿಳಿಹೇಳಿದರಂತೆ.

ಸುದ್ದಿ ಕಡಲ ಕರೆಯಲ್ಲಿ ಬಾಯಿಂದ ಬಾಯಿಗೆ ಹೋಗಿದೆ. ಈ ವರ್ಷ ಇನ್ನೂರು ಚಿಲ್ಲರೆ ಮಕ್ಕಳ ನಡುವೆ ಪಂಕಜಾ ತೀರಿಕೊಂಡ ಮಕ್ಕಳಿಗಾಗಿ ಅಂಥ ನಾಲ್ಕು ಫೈಲು ಮಾಡಿದ್ದಾರೆ. ಅದಕ್ಕೆಂದು ಬೇರೆ ಕಪಾಟು ಇಲ್ಲ. ಎಲ್ಲರ ಫೈಲು ಒಟ್ಟಿಗೇ, ಊರಿನ ಹೆಸರಿನ ಕ್ರಮದಲ್ಲಿ. ಕಲ್ಯಾಣಪುರದ ಒಬ್ಬ ತಾಯಿ, ಇಗರ್ಜಿಗೆ ಹೋಗುವ ಕ್ರೈಸ್ತರು, ತಮ್ಮಲ್ಲಿ ಹೀಗೆಲ್ಲ ಇಲ್ಲ ಎಂದು ಹೇಳುತ್ತಲೇ ಮಗನ ಅಂಕಪಟ್ಟಿ ತಂದು ಎರಡು ಗಂಟೆ ಕೂತು ಹೋದರು. ಒಬ್ಬರನ್ನು ಮಾತ್ರ ಪಂಕಜಾ ವಾಪಸು ಕಳಿಸಿದ್ದಾರೆ. ಅಪಘಾತದಲ್ಲಿ ಹೋದ ಮಗನಿಗೆ ಎಂಬಿಬಿಎಸ್ ಒಂದನ್ನೇ ಬರೆಯಬೇಕೆಂದು ಆ ತಂದೆ ಹಟ ಹಿಡಿದಿದ್ದರು. ಅದು ಹುಡುಗನ ಪಟ್ಟಿ ಅಲ್ಲ, ನಿಮ್ಮದು ಎಂದು ಇವರು ಪೆನ್ನು ಮುಚ್ಚಿದರು.

ಮತ್ತೆ ಅಂಬಲಪಾಡಿಯ ಮನೆ, ಬೆಳಕು ಹರಿದಿದೆ. ಜಗಲಿಯ ಕೊನೆಯ ಕುಟುಂಬವೂ ಹೊರಟಿದೆ. ಇಂಥ ಮನೆಗಳಿಗೆ ಒಬ್ಬರೇ ಹೋಗಲು ಹೆದರಿಕೆಯಾಗುವುದಿಲ್ಲವೇ ಎಂದು ನಾನು ಕೇಳುತ್ತೇನೆ. ಪಂಕಜಾ ಕನ್ನಡಕ ತೆಗೆದು ಸೀರೆಯ ಸೆರಗಿನಿಂದ ಒರೆಸುತ್ತಾರೆ. ಒಂದು ಕಣ್ಣಿಗೆ ಶಸ್ತ್ರಚಿಕಿತ್ಸೆಯಾಗಿದೆ, ಇನ್ನೊಂದಕ್ಕೆ ಆಗಬೇಕಿದೆ.

"ಮೊದಲ ಸಲ ಆಯ್ತು. ಈಗ ಇಲ್ಲ," ಎನ್ನುತ್ತಾರೆ. "ನೋಡಿ, ಇರುವ ಮಕ್ಕಳ ಅಪ್ಪ ಅಮ್ಮನಿಗೆ ಬಹಳ ಅವಸರ. ಮಗು ಬಾಯಿ ತೆರೆಯುವ ಮೊದಲೇ ಅವರು ಹೇಳಿ ಮುಗಿಸ್ತಾರೆ. ಹೋದ ಮಕ್ಕಳ ಅಪ್ಪ ಅಮ್ಮ ಹಾಗಲ್ಲ. ಆ ಕುರ್ಚಿಯಿಂದ ಎಂತ ಬರ್ತದೆ ಅಂತ ಉಸಿರು ಹಿಡಿದು ಕೂತು ಕೇಳ್ತಾರೆ. ಇರುವ ಮಕ್ಕಳ ಎದುರೂ ಹಾಗೆ ಒಂದು ಗಂಟೆ ಕೂತ್ಕೊಂಡ್ರೆ ಸಾಕಿತ್ತು. ನನಗೆ ಬೇರೆ ಎಂತ ಬೇಡ."